ಕುಕ್ ತೋಟಕ್ಕೆ ಹೆಪ್ಪು

ನನ್ನ ಗಂಡನಿಗೆ ಹೆಸರಿಡುವ ಹುಚ್ಚು. ಯಾರಿಗಾದರೂ ಮಗುವಾಗಲಿ, ಹೊಸ ಕೊಳಾಯಿ ಕೂರಿಸಲಿ, ಆಲೂಗಡ್ಡೆಯ ಹೊಸ ತಳಿ ಬರಲಿ, ಇವರು ಗಂಟಲು ಸರಿಮಾಡಿಕೊಂಡು ಮುಂದೆ ಬಂದು ನಿಲ್ಲುತ್ತಾರೆ. ನಮ್ಮ ಮನೆಯ ನೀರು ಕಾಯಿಸುವ ಹಂಡೆಗೂ ಒಂದು ಹೆಸರಿದೆ, ಯಾವನೋ ಹಡಗಿನ ನಾಯಕನದು. ಆ ಹೆಸರಿನಿಂದ ಕರೆದರೆ ಅದೇನೂ ಬೇಗ ಕಾಯುವುದಿಲ್ಲ. ಶಾಲೆಯಲ್ಲಿ ಚರಿತ್ರೆ ಹೇಳುವ ಮೇಷ್ಟ್ರು ಅಂದಮೇಲೆ ಇಷ್ಟು ಇರಲಿ ಬಿಡು ಎಂದು ನಾನೂ ಬಹಳ ಕಾಲ ನಕ್ಕು ಸುಮ್ಮನಾಗಿದ್ದೆ. ಈಗ ನಗು ಬರುವುದಿಲ್ಲ. ಈಗ ಇವರು ಬಾಯಿ ತೆರೆದರೆ ಸಾಕು, ಮೈ ಉರಿಯುತ್ತದೆ.

ನಾವಿರುವುದು ಭೂಮಿಯ ಮೇಲಲ್ಲ. ಭೂಮಿಗೆ ನಾವು 'ಕೆಳಗೆ' ಅನ್ನುತ್ತೇವೆ. ಇಲ್ಲಿ ಗಾಳಿಯಿಲ್ಲ, ಮಳೆಯಿಲ್ಲ. ಬೂದಿಯಂಥ ಪುಡಿ ನೆಲ, ಅದರ ಮೇಲೆ ಕಂಪನಿಯವರು ಗಾಜು ಹೊದಿಸಿ ಕಟ್ಟಿಕೊಟ್ಟ ತೋಟಗಳು, ತೋಟದಿಂದ ತೋಟಕ್ಕೆ ಕೊಳವೆಯಂಥ ಓಣಿಗಳು. ಗಣಿಯಲ್ಲಿ ದುಡಿಯುವವರಿಗೆ ಆಲೂಗಡ್ಡೆ, ಹುರುಳಿಕಾಯಿ, ಎಲೆಕೋಸು ಬೆಳೆದುಕೊಡುವುದು ನಮ್ಮ ಕಸುಬು. ಮದುವೆಯಾದ ಹೊಸತರಲ್ಲಿ ಇವರ ಬೆನ್ನು ಹಿಡಿದು ನಾನಿಲ್ಲಿಗೆ ಬಂದೆ. ನನ್ನ ಒಬ್ಬನೇ ಮಗ ಇಲ್ಲೇ ಹುಟ್ಟಿದ. ಹುಟ್ಟಿದಾಗ ದುಂಡುದುಂಡಗಿದ್ದ ಎಂದು ಗುಂಡ ಅಂದೆವು. ಆಮೇಲೆ ಇಲ್ಲಿ ಹುಟ್ಟಿದ ಎಲ್ಲ ಮಕ್ಕಳ ಹಾಗೆ ಉದ್ದಕ್ಕೆ ಕಡ್ಡಿಯಾಗಿ ಬೆಳೆದ, ಹೆಸರು ಮಾತ್ರ ಗುಂಡ ಎಂದೇ ಉಳಿಯಿತು.

ತೋಟಗಳಿಗೆಲ್ಲ ಸಮುದ್ರಯಾನ ಮಾಡಿದವರ ಹೆಸರು. ಮೊದಲ ತೋಟ ಕಟ್ಟಿದಾಗ ಕಂಪನಿಯವರಿಗೆ ಮೆಗಲನ್ ನೆನಪಾದನಂತೆ. ಅಲ್ಲಿಂದ ಅದೇ ಪದ್ಧತಿ. ಆ ಮೆಗಲನ್ ಭೂಮಿಯನ್ನು ಸುತ್ತಲು ಹೊರಟವನೇ ಹೊರತು ಸುತ್ತಿ ಮುಗಿಸಿದವನಲ್ಲ. ನಡುದಾರಿಯಲ್ಲಿ ಒಂದು ದ್ವೀಪದಲ್ಲಿ ಸತ್ತ, ಹಡಗು ಊರು ಮುಟ್ಟಿಸಿದವರು ಬೇರೆಯವರು. ಪಕ್ಕದ ತೋಟ ಟಾಸ್ಮನ್. ಅವನು ಒಂದು ಇಡೀ ಖಂಡದ ಸುತ್ತ ಬಳಸಿಕೊಂಡು ಹೋಗಿ, ಆ ಖಂಡವನ್ನೇ ಕಾಣದೆ ವಾಪಸು ಬಂದ ಮಹಾನುಭಾವ. ಟಾಸ್ಮನ್ ತೋಟದವರಿಗೆ ಏನನ್ನಾದರೂ ಹುಡುಕಿಕೊಡಿ ಅಂದರೆ ನಮ್ಮವರು ಈಗಲೂ ಕಿಸಕ್ಕನೆ ನಗುತ್ತಾರೆ. ನಮ್ಮದು ಬೇರಿಂಗ್ ತೋಟ. ಬೇರಿಂಗ್ ಅಂದರೆ ಗಾಲಿಯೊಳಗಿನ ಬೇರಿಂಗ್ ಎಂದೇ ಗುಂಡ ಚಿಕ್ಕಂದಿನಲ್ಲಿ ನಂಬಿದ್ದ. ಅಲ್ಲ ಕಣೋ, ಅವನೊಬ್ಬ ದೊಡ್ಡ ನಾವಿಕ, ಮಂಜಿನ ದ್ವೀಪದಲ್ಲಿ ಕಾಯಿಲೆ ಬಿದ್ದು, ಗುಂಡಿಯಲ್ಲಿ ಮಲಗಿ, ಮೈಮೇಲೆ ಅರ್ಧ ಮರಳು ಕುಸಿದಿದ್ದರೂ ತೆಗೆಯಬೇಡಿ, ಬೆಚ್ಚಗಿದೆ ಅಂದು ಸತ್ತ ಎಂದು ಇವರು ಕಥೆ ಹೇಳಿದರು. ಮಗು ಅಂದು ಊಟ ಬಿಟ್ಟಿತು.

ಇನ್ನು ಹೆಪ್ಪಿನ ಮಾತು. ಇಲ್ಲಿಯ ನೆಲ ಸತ್ತ ನೆಲ. ತೊಳೆದು, ಉಪ್ಪು ತೆಗೆದು, ಗೊಬ್ಬರ ಕಲಸಿದರೂ ಅದು ಮಣ್ಣಾಗುವುದಿಲ್ಲ. ಹಳೆಯ ತೋಟದ ಜೀವಂತ ಮಣ್ಣನ್ನು ಒಂದು ಕೊಡ ತಂದು ಬೆರೆಸಬೇಕು, ಬೆಚ್ಚಗೆ ಮುಚ್ಚಿಡಬೇಕು, ಆಗ ನಿಧಾನವಾಗಿ ಇಡೀ ನೆಲ ಮಣ್ಣಾಗುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ. ಇಲ್ಲಿ ಹಸುವೂ ಇಲ್ಲ ಹಾಲೂ ಇಲ್ಲ, ಮಾತು ಮಾತ್ರ ಉಳಿದಿದೆ. ಹೆಪ್ಪನ್ನು ಬೆಳೆ ತೆಗೆಯದೆ ಆರಲು ಬಿಟ್ಟ ಮಡಿಯಿಂದಲೇ ತೆಗೆಯಬೇಕು, ಅದೂ ಮೇಲಿನ ಪದರವನ್ನಷ್ಟೇ. ಕೊಡ ಕಂಠಪೂರ್ತಿ ತುಂಬಿರಬೇಕು. ಒಂದೇ ತೋಟದ್ದಾಗಿರಬೇಕು. ಹೆಪ್ಪು ಕೊಟ್ಟ ತೋಟವೇ ಹೊಸ ತೋಟಕ್ಕೆ ತಾಯಿ, ಹೆಸರಿಡುವ ಹಕ್ಕು ತಾಯಿಯದು. ಹೊಸ ತೋಟದ ಹಿರಿಯ ಬೆಳೆಗಾರ ಕೊಡದ ಮುಚ್ಚಳ ಬಿಚ್ಚಿ, ಮೂಸಿ ನೋಡಿ, ಎಲ್ಲರಿಗೂ ಕೇಳುವ ಹಾಗೆ "ಜೀವ ಇದೆ" ಅನ್ನಬೇಕು. ಅವನು ಹಾಗೆ ಅಂದರೆ ಮುಗಿಯಿತು, ಬೇರೆಯವರು ತುಟಿ ಬಿಚ್ಚುವ ಹಾಗಿಲ್ಲ.

ನಮ್ಮ ತೋಟದ ಹೆಪ್ಪು ನನ್ನ ಕೈಯಲ್ಲಿದೆ. ಮೇಷ್ಟ್ರ ಹೆಂಡತಿ ಎಂದು ಕೊಟ್ಟಿದ್ದಲ್ಲ. ನನ್ನ ಮೂಗು ಒಳ್ಳೆಯದು ಎಂದು ಕೊಟ್ಟಿದ್ದು.

ಓಣಿಯ ಕೊನೆಯಲ್ಲಿ ಹೊಸ ತೋಟವೊಂದು ಏಳುತ್ತದೆ, ಅದಕ್ಕೆ ಗುಂಡನೇ ಹಿರಿಯ ಬೆಳೆಗಾರ ಎಂದು ಗೊತ್ತಾದ ದಿನ ಇವರು ಮನೆಯೊಳಗೆ ನಿಂತಲ್ಲಿ ನಿಲ್ಲಲಿಲ್ಲ. ಗುಂಡ, ಸೊಸೆ, ಮೊಮ್ಮಗಳು ಚಿನ್ನು, ಇನ್ನೂ ನಾಲ್ಕಾರು ಸಂಸಾರ ಅಲ್ಲಿಗೆ ಹೋಗುವುದೆಂದಾಯಿತು.

"ಕುಕ್. ಜೇಮ್ಸ್ ಕುಕ್. ಬೇರೆ ಯಾವನ ಹೆಸರೂ ಬೇಡ" ಅಂದರು.

"ಯಾಕ್ರೀ, ಅವನೊಬ್ಬನೇನಾ ಹಡಗು ನಡೆಸಿದ್ದು?"

"ನಿಂಗೆ ಗೊತ್ತಿಲ್ಲ ಕಣೇ. ಅಷ್ಟು ಜನ ನಾವಿಕರಲ್ಲಿ ತರಕಾರಿಯ ಬೆಲೆ ಗೊತ್ತಿದ್ದವನು ಅವನು. ಹುಳಿ ಬರಿಸಿದ ಎಲೆಕೋಸು ಪೀಪಾಯಿಗಟ್ಟಲೆ ಒಯ್ದ. ಹಡಗಿನವರು ತಿನ್ನಲ್ಲ ಅಂತ ಹಟ ಮಾಡಿದ್ರು. ಏನ್ ಮಾಡ್ದ ಹೇಳು? ಅಧಿಕಾರಿಗಳ ಮೇಜಿಗೆ ದಿನಾ ಬಡಿಸ್ದ, ಬೇಕಾದೋರು ತಿನ್ನಿ, ಬೇಡದೋರು ಬಿಡಿ ಅಂದ. ದೊಡ್ಡೋರು ತಿನ್ನೋದು ಕಂಡು ಎಲ್ರೂ ಮುಗಿಬಿದ್ರು. ಎಲೆಕೋಸು ಬೆಳೆಯೋ ನಮಗೆ ಅವನಲ್ಲದೆ ಇನ್ಯಾರು?"

ಕೇಳಲು ಚೆನ್ನಾಗಿಯೇ ಇತ್ತು. ನಾವು ಕೊಡದಿದ್ದರೆ ಟಾಸ್ಮನ್‌ನವರು ಹೆಪ್ಪು ಕೊಡುತ್ತಾರೆ, ಅವರು ಕೊಲಂಬಸ್ ಎಂದು ಇಡುತ್ತಾರೆ ಎನ್ನುವ ಸುದ್ದಿಯೂ ಬಂದಿತ್ತು. ಮುಟ್ಟಿದ ನೆಲ ಯಾವುದೆಂದು ಸಾಯುವವರೆಗೂ ಒಪ್ಪಿಕೊಳ್ಳದವನ ಹೆಸರಿನ ತೋಟದಲ್ಲಿ ನನ್ನ ಮಗ ಬಾಳಬೇಕಾ ಎಂದು ಇವರು ಊಟದ ತಟ್ಟೆ ಮುಂದೆ ಕೂತು ಕೂಗಾಡಿದರು. ಅನ್ನ ಹಾಕುವ ಮಡಿಗಿಂತ ಬಾಗಿಲ ಮೇಲಿನ ಫಲಕ ದೊಡ್ಡದಾಗಿತ್ತು ಇವರಿಗೆ.

ಆದರೆ ಆ ವರ್ಷ ಆರಲು ಬಿಟ್ಟಿದ್ದು ಮೇಲಿನ ಒಂದೇ ಮಡಿ. ಬೆಳಿಗ್ಗೆ ನಾನು ಕೂತು ಅಂಗೈಯಲ್ಲಿ ಸವರಿ ಸವರಿ ತೆಗೆದರೂ ಅರ್ಧ ಕೊಡದ ಮೇಲೆ ಏರಲಿಲ್ಲ. ಇನ್ನೂ ಕೆರೆದರೆ ಮಡಿಯೇ ಹಾಳು.

"ಆಗಲ್ಲ ರೀ. ಟಾಸ್ಮನ್‌ನವರಿಗೆ ಹೇಳಿಕಳಿಸಿ. ಅವರೇ ಕೊಡಲಿ, ಹೆಸರೂ ಅವರೇ ಇಟ್ಟುಕೊಳ್ಳಲಿ" ಅಂದೆ.

ನಾನು ಕೊಡವನ್ನು ಅಲ್ಲೇ ಬಿಟ್ಟು ತರಕಾರಿ ಕಟ್ಟುವ ಶೆಡ್ಡಿಗೆ ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಕೊಡ ತುಂಬಿತ್ತು, ಮುಚ್ಚಳ ಬಿಗಿದು ಮೇಣ ಹಾಕಿಯಾಗಿತ್ತು.

"ಇನ್ನೊಂದು ಸ್ವಲ್ಪ ಕೆರೆದೆ. ನಿನ್ನದು ಯಾವಾಗಲೂ ಕೈ ಹಿಡಿತ" ಅಂದರು.

ಮೇಲಿನ ಮಡಿಗೆ ಒದ್ದೆ ಗೋಣಿ ಹೊದಿಸಿತ್ತು. ಮಡಿ ಕೆಡಿಸಿದರಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು, ಎರಡು ದಿನ ಮಾತು ಬಿಟ್ಟೆ. ಅದಕ್ಕಿಂತ ದೊಡ್ಡದೇನೋ ಕೆಟ್ಟಿದೆ ಎಂದು ಹೊಳೆಯಲಿಲ್ಲ.

ಹೆಪ್ಪು ಹಾಕುವ ದಿನ ಕೊಡ ಹೊತ್ತವರಿಗೆ ಮಾತ್ರ ಹೊಸ ತೋಟದ ಒಳಗೆ ಪ್ರವೇಶ. ಉಳಿದವರು ಓಣಿಯ ಗಾಜಿನ ಹಿಂದೆ. ಇವರು ಹೊಸ ಬೂಟು ಹಾಕಿ, ಕೊಡವನ್ನು ಎದೆಗವಚಿಕೊಂಡು ನಡೆದರು. ಎಂಟು ಕಿಲೋ ತೂಗದ ಕೊಡಕ್ಕೆ ಎಂಬತ್ತು ಕಿಲೋ ಹೊತ್ತವರ ಹಾಗೆ ಹೆಜ್ಜೆ. ಗುಂಡ ಮುಚ್ಚಳ ಬಿಚ್ಚಿ ಮುಖ ಇಳಿಸಿದ. ಸ್ವಲ್ಪ ಹೊತ್ತು ಎತ್ತಲೇ ಇಲ್ಲ. ನನ್ನ ಪಕ್ಕದಲ್ಲಿದ್ದ ಪಂಪಿನವನು, ತೋಟಕ್ಕೆ ನೀರು ಬಿಡುವ ನಮ್ಮ ನೆರೆಮನೆಯವನು, "ಒಳ್ಳೇ ತವರಿನ ಬಾಗಿಲಲ್ಲಿ ನಿಂತ ಹಾಗೆ ನಿಂತುಬಿಟ್ಟ ನೋಡಕ್ಕ" ಅಂದ, ಎಲ್ಲರೂ ನಕ್ಕರು. ಆಮೇಲೆ ಗುಂಡ ತಲೆ ಎತ್ತಿ ಅಪ್ಪನನ್ನು ನೋಡಿ "ಜೀವ ಇದೆ" ಅಂದ. ಚಪ್ಪಾಳೆ. ಬಾಗಿಲ ಮೇಲೆ ಕುಕ್ ಎಂಬ ಫಲಕ ಏರಿತು. ಇವರು ಭಾಷಣ ಮಾಡಿದರು. ಎಲೆಕೋಸಿನ ಕಥೆ ಎಲ್ಲರಿಗೂ ಬಾಯಿಪಾಠವಾಯಿತು.

ಮೊದಲ ಬೆಳೆ ಮೊಳಕೆಯೊಡೆದಾಗ ಗುಂಡ ಫೋನಿನಲ್ಲಿ ಹಿಗ್ಗಿ ಹೀರೆಕಾಯಿಯಾಗಿದ್ದ. ಎರಡನೆಯ ಬೆಳೆಗೆ ದನಿ ಇಳಿಯಿತು.

"ಅಮ್ಮ, ಹುರುಳಿ ಗಿಡ ಹಳದಿ ತಿರುಗ್ತಿದೆ."

"ನೀರು ಜಾಸ್ತಿಯಾಗಿರಬೇಕು ಕಣೋ."

"ಇಲ್ಲಮ್ಮ. ಕಿತ್ತು ನೋಡ್ದೆ. ಬುಡದಲ್ಲಿ ಬೂದು ನೂಲು."

ನೂಲುರೋಗ ನಮಗೆ ಹೊಸದಲ್ಲ. ನಮ್ಮ ಬೇರಿಂಗ್ ತೋಟದ ಕೆಳಮಡಿಯಲ್ಲಿ ಅದು ಎಷ್ಟೋ ಕಾಲದಿಂದ ಇದೆ. ಕೆಳಮಡಿಯ ಮಣ್ಣು ಕೈಗೆತ್ತಿಕೊಂಡರೆ ಒದ್ದೆ ಬಟ್ಟೆ ಮಡಚಿಟ್ಟ ಹಾಗೆ ಮುಗ್ಗಲು ವಾಸನೆ. ಆದರೆ ಹಳೆಯ ಮಣ್ಣಿನಲ್ಲಿ ಅದನ್ನು ಹಿಡಿದಿಡುವ ಬೇರೆ ನೂರೆಂಟು ಜೀವಗಳಿರುತ್ತವೆ, ಅದು ಆ ಮಡಿ ದಾಟಿ ಬರುವುದಿಲ್ಲ. ನಮ್ಮವರೆಲ್ಲರಿಗೂ ಗೊತ್ತು, ಯಾರೂ ಕಂಪನಿಗೆ ಹೇಳಿಲ್ಲ. ಹೊಸ ಮಣ್ಣಿನಲ್ಲಿ ಅದಕ್ಕೆ ಎದುರಾಳಿ ಯಾರು? ಆಡಿದ್ದೇ ಆಟ.

ಫೋನಿಟ್ಟು ಮನೆಗೆ ಹೋದೆ. ಇವರು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದರು.

"ಕೊಡದ ಉಳಿದರ್ಧ ಎಲ್ಲಿಂದ ತುಂಬಿದಿರಿ?"

ಕೆಂಪು ಪೆನ್ನು ನಿಂತಿತು. ಸುಳ್ಳು ಹೇಳುವ ಮನಸ್ಸಿದ್ದರೂ ನನ್ನ ಮೂಗಿನ ಮುಂದೆ ಹೇಳುವ ಧೈರ್ಯ ಇರಲಿಲ್ಲ.

"ಕೆಳಮಡಿಯ ಮೂಲೇಲಿ ಚೆನ್ನಾಗೇ ಇತ್ತು. ವಾಸನೆ ಅಷ್ಟೇನಿರ್ಲಿಲ್ಲ. ಅಷ್ಟು ವರ್ಷದಿಂದ ಇದೆ, ನಮ್ಮಲ್ಲಿ ಯಾರಿಗೇನಾಯ್ತು?"

"ಅರ್ಧ ಕೊಡ ಕಳಿಸಿದ್ರೆ ಏನಾಗ್ತಿತ್ತು?"

"ಜನ ನಗ್ತಿದ್ರು" ಅಂದರು. ಆಮೇಲೆ, ತುಂಬ ಸಣ್ಣ ದನಿಯಲ್ಲಿ, "ಕೊಲಂಬಸ್ ಅಂತ ಇಡ್ತಿದ್ರು."

ಬೈದೆ. ಇಷ್ಟು ವರ್ಷ ಸಂಸಾರದಲ್ಲಿ ಬಾಯಿಗೆ ಬಾರದಿದ್ದ ಮಾತುಗಳೆಲ್ಲ ಅಂದು ಬಂದವು. ಇವರು ಕೇಳಿಸಿಕೊಂಡು ಕೂತಿದ್ದರು. ಕಣ್ಣಲ್ಲಿ ನೀರೂ ಬಂತು, ಇಲ್ಲ ಅನ್ನುವುದಿಲ್ಲ. ಆದರೆ ಅಳುತ್ತಲೇ "ಯಾರಿಗೂ ಹೇಳ್ಬೇಡ" ಅಂದರು.

ಹೇಳದೆ ಇರುವ ಹಾಗಿರಲಿಲ್ಲ. ಇಲ್ಲಿಯ ಕಾನೂನು ಹೀಗೆ. ರೋಗ ಹಿಡಿದ ತೋಟಕ್ಕೆ ಬೀಗ. ಅಲ್ಲಿಯವರ ಉಗುರಿನಲ್ಲಿ, ಕೂದಲಿನಲ್ಲಿ, ಉಸಿರಿನಲ್ಲಿ ಬೀಜಕಣ ಇರುತ್ತದೆ ಎಂದು ಬೇರೆ ಯಾವ ತೋಟಕ್ಕೂ ಅವರನ್ನು ಸೇರಿಸುವುದಿಲ್ಲ. ಸಾಮಾನಿನ ಹಡಗಿನಲ್ಲಿ ಕೆಳಗೆ ಕಳಿಸುತ್ತಾರೆ. ನನ್ನಂಥ ಕೆಳಗಿನಿಂದ ಬಂದವರಿಗೆ ಅದು ಊರಿಗೆ ಹೋದ ಹಾಗೆ. ಇಲ್ಲಿ ಮೈ ಹಗುರ, ಇಲ್ಲಿ ಹುಟ್ಟಿದವರ ಮೂಳೆ ಅಲ್ಲಿಯ ಭಾರ ತಡೆಯುವುದಿಲ್ಲ. ಪಂಪಿನವನ ಅಣ್ಣನ ಮಗನನ್ನು ಹಿಂದೆ ಹಾಗೆ ಕಳಿಸಿದ್ದರು. ಹುಡುಗ ಈಗಲೂ ಒಂದು ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಾನೆ. ತಲೆ ಎತ್ತಿದರೆ ಎದೆ ಕಟ್ಟುತ್ತದಂತೆ. ಗುಂಡ ಅಲ್ಲಿ ನಿಲ್ಲಲಾರ. ಸೊಸೆಯೂ ಇಲ್ಲಿಯೇ ಹುಟ್ಟಿದವಳು. ಚಿನ್ನುವಿನ ಕಾಲು ನನ್ನ ಹೆಬ್ಬೆರಳಿನಷ್ಟು ದಪ್ಪ ಇಲ್ಲ.

ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ. ರೋಗ ಹೆಪ್ಪಿನಿಂದಲೇ ಬಂದಿದ್ದರೆ, ಹೆಪ್ಪು ಕೊಟ್ಟ ತಾಯಿ ತೋಟವೇ ಆ ಜನರನ್ನು ವಾಪಸು ಕರೆದುಕೊಳ್ಳಬೇಕು. ಅಲ್ಲಿ ರೋಗ ಮೊದಲೇ ಇರುವುದರಿಂದ ಹೊಸದಾಗಿ ಅಂಟುವ ಭಯವಿಲ್ಲ. ಪ್ರತಿಯಾಗಿ ತಾಯಿ ತೋಟದ ಬಾಗಿಲನ್ನೂ ಮುಚ್ಚುತ್ತಾರೆ. ಅಲ್ಲಿಯವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಬರುವಂತಿಲ್ಲ, ಹೆಪ್ಪು ಕೊಡುವ ಹಕ್ಕು, ಹೆಸರಿಡುವ ಹಕ್ಕು ಹೋಗುತ್ತದೆ. ಹೋಗಲಿ! ಬೆಳೆದದ್ದನ್ನು ತಿಂದುಕೊಂಡು ಬದುಕಿರಬಹುದು. ಮಗ ಕಣ್ಣ ಮುಂದೆ ಕಾಲ ಮೇಲೆ ನಿಂತಿರುತ್ತಾನೆ.

ಮರುದಿನ ಗುಂಡನಿಗೆ ಫೋನು ಮಾಡಿದೆ. ಎಲ್ಲವನ್ನೂ ಹೇಳಿದೆ. ಅವನು ಬೆಚ್ಚಿಬೀಳಲಿಲ್ಲ.

"ಗೊತ್ತಮ್ಮ" ಅಂದ. "ಮುಚ್ಚಳ ತೆಗೆದ ತಕ್ಷಣ ಗೊತ್ತಾಯ್ತು. ಕೆಳಮಡೀಲೇ ಆಡಿ ಬೆಳೆದವನಲ್ವಾ ನಾನು? ಆ ವಾಸನೆ ಮರೆಯುತ್ತಾ?"

"ಗೊತ್ತಿದ್ದೂ ಜೀವ ಇದೆ ಅಂದ್ಯಾ?"

"ಅಪ್ಪ ಎದುರಿಗೆ ನಿಂತಿದ್ರು. ಹೊಸ ಬೂಟು ಹಾಕ್ಕೊಂಡು. ಅಷ್ಟು ಜನರ ಮುಂದೆ ಕೊಡ ವಾಪಸ್ ಕೊಡಕ್ಕೆ ಆಗ್ಲಿಲ್ಲಮ್ಮ. ಒಂದ್ವೇಳೆ ಏನೂ ಆಗ್ದಿರಬಹುದು ಅಂದ್ಕೊಂಡೆ."

ಸೊಸೆ ಫೋನು ಕಿತ್ತುಕೊಂಡಳು. ಅವಳೂ ಚಿಕ್ಕಂದಿನಲ್ಲಿ ಇವರ ಹತ್ತಿರವೇ ಓದಿದವಳು, ಪುಸ್ತಕ ಕಂಡರೆ ಬಿಡುವವಳಲ್ಲ.

"ಅತ್ತೆ, ಮಾವ ನಮಗೆ ಕುಕ್ ಪಾಠ ಮಾಡೋವಾಗ ಎಲೆಕೋಸಿಗೇ ನಿಲ್ಲಿಸಿಬಿಟ್ರು. ಮುಂದಿಂದು ನಾನು ಈಗ ಓದ್ದೆ. ಹವಾಯಿಗೆ ಹೋದಾಗ ಅವನ ಹಡಗಿನವರಿಗೆ ಕೆಟ್ಟ ಕಾಯಿಲೆ ಇತ್ತು. ಅವನಿಗೆ ಗೊತ್ತಿತ್ತು. ಕಾಯಿಲೆ ಇರೋರು ದಡಕ್ಕೆ ಇಳೀಬಾರ್ದು ಅಂತ ಅಪ್ಪಣೆ ಮಾಡ್ದ. ಅಪ್ಪಣೆ ಯಾರು ಕೇಳ್ತಾರೆ? ಅದೇ ವರ್ಷ ತಿರುಗಿ ಅಲ್ಲಿಗೆ ಹೋಗೋ ಹೊತ್ತಿಗೆ ದ್ವೀಪದವರಿಗೆಲ್ಲ ಹರಡಿತ್ತು. ಅವನಾದ್ರೂ ಬೇಡ ಅಂತ ಒಂದು ಮಾತು ಅಂದ ಅತ್ತೆ. ನಮ್ಮನೇಲಿ ಅದನ್ನೂ ಯಾರೂ ಅನ್ಲಿಲ್ಲ."

ಅವಳ ಮಾತು ನೆಟ್ಟಗೆ ಬಂದು ನನ್ನ ಗಂಡನಿಗೂ ನನ್ನ ಮಗನಿಗೂ ಒಟ್ಟಿಗೆ ತಾಗಿತು. ನಾನು ಅವರ ಪರ ವಹಿಸಲು ಹೋಗಲಿಲ್ಲ.

"ರೋಗದ ಸುದ್ದಿ ಕಂಪನಿಗೆ ಹೋಗೇ ಹೋಗುತ್ತೆ, ವಿಚಾರಣೆಗೆ ಉಸ್ತುವಾರಿಯಮ್ಮ ಬರ್ತಾಳೆ. ನಾನು ನಿಂತು ಹೇಳ್ತೀನಿ. ನೀನು ಹೌದು ಅಂದ್ರೆ ಸಾಕು ಗುಂಡ. ಮುಚ್ಚಳ ಬಿಚ್ಚಿದೋನ ಮಾತೇ ಕೊನೇ ಮಾತು" ಅಂದೆ.

"ಆಯ್ತಮ್ಮ" ಅಂದ. ಆ 'ಆಯ್ತಮ್ಮ'ವನ್ನು ನಾನು ನಂಬಿದೆ.

ಉಸ್ತುವಾರಿಯಮ್ಮ ಅಂದರೆ ಕಂಪನಿಯ ಕಡೆಯಿಂದ ಎಲ್ಲ ತೋಟಗಳನ್ನೂ ನೋಡಿಕೊಳ್ಳುವ ಹೆಂಗಸು. ಒಳ್ಳೆಯವಳೇ, ಆದರೆ ಕಾನೂನಿನ ಗೆರೆ ದಾಟುವವಳಲ್ಲ. ಅವಳು ಬರುವ ಮೊದಲು ಇವರು ಇನ್ನೊಂದು ಘನಕಾರ್ಯ ಮಾಡಿದ್ದರು. ನಾನು ಶೆಡ್ಡಿನಲ್ಲಿದ್ದ ಹೊತ್ತಿಗೆ ತೋಟದ ಗಂಡಸರನ್ನು ಕೂಡಿಸಿ, ಕೆಳಮಡಿಗೆ ಹಬೆಯ ಕೊಳವೆ ಬಿಡಿಸಿ, ಮಣ್ಣನ್ನು ತಳದವರೆಗೆ ಬೇಯಿಸಿಬಿಟ್ಟಿದ್ದರು. ವಾಸನೆ ಇಲ್ಲ, ನೂಲಿಲ್ಲ. ಅಲ್ಲಿ ಈಗ ಇರುವುದು ಬೆಂದ ಬೂದಿ. ಯಾಕೆ ಎಂದು ಒಬ್ಬನೂ ಕೇಳಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಎಲ್ಲರಿಗೂ ಅವರವರ ಮಕ್ಕಳಿದ್ದರು.

ವಿಚಾರಣೆ ಓಣಿಗಳು ಕೂಡುವ ದೊಡ್ಡ ಕೋಣೆಯಲ್ಲಿ. ಈ ಕಡೆ ಬೆಂಚುಗಳ ಮೇಲೆ ನಾವು. ಆ ಕಡೆ ಗಾಜಿನ ಹಿಂದೆ ಗುಂಡ, ಸೊಸೆ, ಅವಳ ಸೊಂಟದ ಮೇಲೆ ಚಿನ್ನು, ಅವರ ಹಿಂದೆ ಕುಕ್ ತೋಟದ ಉಳಿದವರು. ಚಿನ್ನು ನನ್ನನ್ನು ಕಂಡು ಗಾಜಿಗೆ ಮೂಗು ಒತ್ತಿ ಚಪ್ಪಟೆ ಮಾಡಿ ನಕ್ಕಳು.

ಉಸ್ತುವಾರಿಯಮ್ಮ ಮೊದಲು ಇವರನ್ನು ಕೇಳಿದಳು. "ಮೇಷ್ಟ್ರೇ, ಹೆಪ್ಪು ಹೊತ್ತವರು ನೀವು. ಏನ್ ಹೇಳ್ತೀರಿ?"

ಇವರು ಎದ್ದು ನಿಂತು ಅಂಗಿಯ ಗುಂಡಿ ಸರಿಮಾಡಿಕೊಂಡರು. "ಹೆಪ್ಪು ಶುದ್ಧವಾಗಿತ್ತು ಮೇಡಂ. ಹೊಸ ತೋಟ, ಹೊಸ ಜನ, ಎಲ್ಲಾ ಚಿಕ್ಕ ವಯಸ್ಸು. ಬೂಟು ತೊಳೆಯೋ ವಿಷಯದಲ್ಲಿ ಸ್ವಲ್ಪ ಅಸಡ್ಡೆ ಆಗಿರಬಹುದು. ಗಣಿಯವರು ಬಂದು ಹೋಗ್ತಿರ್ತಾರೆ. ಯಾರನ್ನೂ ದೂರೋದಿಲ್ಲ."

ಯಾರನ್ನೂ ದೂರುವುದಿಲ್ಲವಂತೆ! ಹೆತ್ತ ಮಗನ ತಲೆಯ ಮೇಲೆ ಕಲ್ಲು ಎತ್ತಿಹಾಕಿ, ಮೇಲೆ ಕರವಸ್ತ್ರ ಮುಚ್ಚಿದ ಹಾಗಿತ್ತು. ನಾನು ಎದ್ದೆ. ಹೇಳಿದೆ. ಅರ್ಧ ಕೊಡ, ಕೆಳಮಡಿ, ಹಬೆ, ಒಂದನ್ನೂ ಬಿಡಲಿಲ್ಲ.

ಉಸ್ತುವಾರಿಯಮ್ಮ ಬೆಂಚುಗಳ ಕಡೆ ತಿರುಗಿದಳು. "ಕೆಳಮಡೀಲಿ ರೋಗ ಇದ್ದದ್ದು ಯಾರಾದ್ರೂ ನೋಡಿದ್ದೀರಾ?"

ಊರಿಗೆ ಊರೇ ಬಾಯಿಗೆ ಬೀಗ ಜಡಿದುಕೊಂಡಿತು. ಪಂಪಿನವನು ತನ್ನ ಬೂಟನ್ನೇ ನೋಡುತ್ತಿದ್ದ. ಅವನ ಮಡಿ ಕೆಳಮಡಿಯ ಪಕ್ಕದ್ದೇ. ಅವನ ದೊಡ್ಡ ಮಗಳಿಗೆ ಮೆಗಲನ್ ತೋಟದ ಹುಡುಗನ ಜೊತೆ ಮಾತಾಗಿತ್ತು, ಬಾಗಿಲು ಮುಚ್ಚಿದರೆ ಮದುವೆ ಮುರಿಯುತ್ತದೆ. ಅವನ ಅಣ್ಣನ ಮಗ ಮಲಗಿರುವ ಮಂಚ ಅವನಿಗೆ ನೆನಪಾಗಲಿಲ್ಲವೇ ಎಂದು ಕೇಳಬೇಕೆನಿಸಿತು. ನೆನಪಾಗಿಯೇ ಇರಬೇಕು, ಅದಕ್ಕೇ ತಲೆ ಎತ್ತಲಿಲ್ಲ.

"ಭೂತಗನ್ನಡಿಯಲ್ಲಿ ರೋಗ ಕಾಣುತ್ತೆ, ರೋಗದ ಊರು ಕಾಣಲ್ಲ" ಅಂದಳು ಉಸ್ತುವಾರಿಯಮ್ಮ. ನನ್ನನ್ನು ನೋಡಿದ ನೋಟದಲ್ಲಿ ಅಪನಂಬಿಕೆ ಇರಲಿಲ್ಲ. "ನಿಮ್ಮ ಮಾತು ಸುಳ್ಳು ಅಂತ ನಾನು ಹೇಳ್ತಿಲ್ಲಮ್ಮ. ಆದ್ರೆ ಮುಚ್ಚಳ ಬಿಚ್ಚಿದವರು ಹೇಳ್ಬೇಕು. ಹೇಳಪ್ಪ. ಹೆಪ್ಪು ಹೇಗಿತ್ತು?"

ಗುಂಡ ಗಾಜಿನ ಹತ್ತಿರ ಬಂದ. ಮೊದಲು ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ, ಹೇಳು ಮಗ ಹೇಳು ಎಂದು. ಆಮೇಲೆ ಅಪ್ಪನನ್ನು ನೋಡಿದ. ಇವರು ಕಣ್ಣು ತಗ್ಗಿಸಬಹುದಿತ್ತು. ಒಮ್ಮೆ ಕೆಮ್ಮಬಹುದಿತ್ತು, ಬೆನ್ನು ತಿರುಗಿಸಬಹುದಿತ್ತು, ಅಷ್ಟು ಮಾಡಿದ್ದರೂ ಹುಡುಗ ಬದುಕುತ್ತಿದ್ದ. ಇವರು ಮಾತ್ರ ಪಾಠ ಒಪ್ಪಿಸುವ ಹುಡುಗನನ್ನು ನೋಡುವ ಮೇಷ್ಟ್ರ ಹಾಗೆ, ಗದ್ದ ಸ್ವಲ್ಪ ಮೇಲೆತ್ತಿ, ಕಾಯುತ್ತ ನಿಂತಿದ್ದರು.

"ಹೆಪ್ಪು ಚೆನ್ನಾಗಿತ್ತು" ಅಂದ ಗುಂಡ. "ಜೀವ ಇತ್ತು. ಬೂಟಿನ ತಪ್ಪು ನಂದೇ. ನಾನೇ ಸರಿಯಾಗಿ ನೋಡ್ಲಿಲ್ಲ."

"ಸುಳ್ಳು!" ಎಂದು ಸೊಸೆ ಕಿರುಚಿದಳು. "ಸುಳ್ಳು ಹೇಳ್ತಿದ್ದಾರೆ ಮೇಡಂ! ಯಾರಿಗೋಸ್ಕರ ರೀ? ಮಗು ಮುಖ ನೋಡಿ ಹೇಳಿ! ಇದರ ಮುಖ ನೋಡಿ ಹೇಳಿ!" ಚಿನ್ನುವನ್ನು ಅವನ ಮುಖಕ್ಕೆ ಹಿಡಿದಳು. ಮಗು ಹೆದರಿ ಅಳತೊಡಗಿತು. ಗುಂಡ ಮಗುವನ್ನು ಎತ್ತಿಕೊಂಡ, ಅದರ ಬೆನ್ನು ಸವರಿದ, ಮಾತು ಬದಲಾಯಿಸಲಿಲ್ಲ.

ನಾನು ಗಾಜಿಗೆ ಬಡಿದೆ. ಎರಡೂ ಕೈಯಲ್ಲಿ ಬಡಿದೆ. ಈ ಗಾಜು ಆಕಾಶದ ಕಲ್ಲು ಬಿದ್ದರೂ ಒಡೆಯದ ಹಾಗೆ ಮಾಡಿದ್ದು, ಒಬ್ಬ ತಾಯಿಯ ಕೈಗೆ ಒಡೆಯುತ್ತದೆಯೇ? ಉಸ್ತುವಾರಿಯಮ್ಮ ಬಂದು ನನ್ನ ಹೆಗಲು ಹಿಡಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಆದರೆ ಕಾನೂನು ಒದ್ದೆಯಾಗುವುದಿಲ್ಲ. ಮುಂದಿನ ಸಾಮಾನಿನ ಹಡಗಿಗೆ ಕುಕ್ ತೋಟದವರೆಲ್ಲ ಕೆಳಗೆ ಎಂದು ಓದಿ ಹೇಳಿದಳು. ಬೇರಿಂಗ್ ತೋಟಕ್ಕೆ ಯಾವ ದೋಷವೂ ಇಲ್ಲ, ಹೆಪ್ಪು ಕೊಡುವ ಹಕ್ಕು ಹಾಗೆಯೇ ಮುಂದುವರಿಯುತ್ತದೆ ಎಂದೂ ಓದಿದಳು. ನಮ್ಮ ಬೆಂಚುಗಳಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಆ ಕಡೆ ದೀಪ ಆರಿಸಿದರು. ಗಾಜಿನಲ್ಲಿ ನನ್ನ ಮುಖವೇ ಕಂಡಿತು.

ಓಣಿಯಲ್ಲಿ ಯಾರೂ ನಮ್ಮ ಹತ್ತಿರ ನಡೆಯಲಿಲ್ಲ. ಇವರು ನನ್ನ ಹಿಂದೆ ಹಿಂದೆ ಬರುತ್ತಿದ್ದರು. ಮನೆಗೆ ಬಂದು ನಾನು ಮಂಚದ ತುದಿಯಲ್ಲಿ ಕೂತೆ. ಕೈ ಊದಿಕೊಂಡಿತ್ತು. ಇವರು ಒದ್ದೆ ಬಟ್ಟೆ ತಂದು ಪಕ್ಕದಲ್ಲಿಟ್ಟರು. ಮುಟ್ಟಲು ಧೈರ್ಯವಾಗದೆ ಬಾಗಿಲಿನ ಹತ್ತಿರ ನಿಂತರು. ಅಳುತ್ತಿದ್ದರು, ನಿಜವಾಗಿಯೇ ಅಳುತ್ತಿದ್ದರು. ಒಂದು ಕ್ಷಣ, ಇನ್ನಾದರೂ ಓಡಿಹೋಗಿ ಉಸ್ತುವಾರಿಯಮ್ಮನ ಕಾಲು ಹಿಡಿಯುತ್ತಾರೇನೋ ಎಂದುಕೊಂಡೆ. ಈಗಲೂ ತಡವಾಗಿರಲಿಲ್ಲ. ಮಗನ ಮಾತನ್ನು ಅಪ್ಪ ಅಲ್ಲಗಳೆದು, ಕೊಡ ತುಂಬಿದವನು ನಾನೇ ಅಂದರೆ ಕೇಳದಿರುತ್ತಾಳೆಯೇ?

"ನೋಡಿದ್ಯೇನೇ" ಅಂದರು. "ನನ್ನ ಮಗ! ಅಷ್ಟು ಜನರ ಮುಂದೆ ಅಪ್ಪನ್ನ ಬಿಟ್ಟುಕೊಡ್ಲಿಲ್ಲ."

ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಆ ಮುಖದಲ್ಲಿ ದುಃಖ ಇತ್ತು, ಸುಳ್ಳಲ್ಲ. ದುಃಖದ ಮೇಲೆ ನಿಧಾನವಾಗಿ ಇನ್ನೊಂದು ಏರಿ ಬರುತ್ತಿತ್ತು. ಅದನ್ನು ನಾನು ಬಲ್ಲೆ. ಇಷ್ಟು ವರ್ಷ ನೋಡಿದ್ದೇನೆ. ಗಂಟಲು ಸರಿಮಾಡಿಕೊಂಡರು.

"ಮುಂದಿನ ತೋಟಕ್ಕೂ ನಮ್ಮದೇ ಹೆಪ್ಪು. ಹೆಸರು ನಮ್ಮದೇ. ಹಡಗಿನವರ ಹೆಸರು ಸಾಕು ಕಣೇ. ನಮ್ಮ ಹುಡುಗನದೇ ಇಡಿಸ್ತೀನಿ. ಅವನೂ ಈಗ ಯಾನ ಹೋಗ್ತಿರೋನೇ ಅಲ್ವಾ? ಅಂಥವನ ಹೆಸರು ಉಳೀಬೇಕು."

"ನಂಗೆ ಹೆಸರು ಬೇಡ ರೀ" ಅಂದೆ. "ನನ್ನ ಮಗನ್ನ ಕೊಡಿ."

ಇವರಿಗೆ ಕೇಳಿಸಲಿಲ್ಲ. ಪಂಪಿನವನಿಗೆ ಹೇಳಿಬರುತ್ತೇನೆ ಎಂದು ಆಗಲೇ ಬೂಟಿಗೆ ಕಾಲು ತೂರಿಸುತ್ತಿದ್ದರು.